ನೋಟ್ಸ್ ಕೊಟ್ರಾ?

ಕಾಲೇಜಿಗೆ ಒಂದು ದಿನ ಚಕ್ಕರ್ ಹೊಡೆದು ಮಾರನೆಯ ದಿನ ಬಂದ ಹುಡುಗ ಪಕ್ಕದವನನ್ನು ಕೇಳುವ ಮೊದಲ ಪ್ರಶ್ನೆ ‘ನಿನ್ನೆ ಏನು ಪಾಠ ಆಯ್ತು?’ ಎಂದಲ್ಲ, ‘ನೋಟ್ಸ್ ಕೊಟ್ರಾ?’ ಎಂದು. ‘ಇಲ್ಲ, ಬರೀ ಪಾಠ ಮಾಡಿದ್ರು’ ಎಂಬ ಉತ್ತರ ಬಂದರೆ ಅವನ ಮುಖ ಅರಳುತ್ತದೆ. ಏನೂ ನಷ್ಟವಾಗಿಲ್ಲ! ಆ ‘ಬರೀ’ಯೊಳಗೆ ಒಬ್ಬ ಮೇಷ್ಟ್ರ ಐವತ್ತೈದು ನಿಮಿಷದ ಗಂಟಲ ಸವೆತ ಅಡಗಿ ಕೂತಿರುತ್ತದೆ. ಮೂವತ್ತು ವರ್ಷದಿಂದ ಆ ಮೇಷ್ಟ್ರು ನಾನೇ ಆಗಿರುವುದರಿಂದ, ಈ ಪ್ರಶ್ನೆಯನ್ನು ಕಾರಿಡಾರಿನ ಆ ತುದಿಯಲ್ಲಿ ಎಷ್ಟು ಮೆಲ್ಲಗೆ ಕೇಳಿದರೂ ಈ ತುದಿಯಲ್ಲಿರುವ ನನ್ನ ಕಿವಿಗೆ ಬೀಳುತ್ತದೆ.

ನಾನು ಕನ್ನಡ ಮೇಷ್ಟ್ರು. ಮಾತು ಕಿವಿಗೆ ಬಿದ್ದರೆ ಅದರ ಕ್ರಿಯಾಪದ ಹಿಡಿದುಕೊಂಡು ಕೂರುವುದು ನನ್ನ ಚಟ. ನಮ್ಮಲ್ಲಿ ನೋಟ್ಸನ್ನು ಕೊಡುತ್ತಾರೆ, ಬರೆಸುತ್ತಾರೆ, ಇಸ್ಕೊಳ್ಳುತ್ತಾರೆ, ಹೊಡೆಯುತ್ತಾರೆ, ಜೆರಾಕ್ಸ್ ಮಾಡಿಸುತ್ತಾರೆ. ರೇಷನ್ ಅಂಗಡಿಯ ಅಕ್ಕಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ: ಮೇಲಿನಿಂದ ಬರಬೇಕು, ಚೀಲ ಹಿಡಿಯಬೇಕು. ಆದರೆ ಇದೇ ಭಾಷೆಯಲ್ಲಿ ‘ಬರೆದುಕೊಳ್ಳು’ ಎಂಬ ಮಾತೂ ಇದೆ. ಈ ‘ಕೊಳ್ಳು’ವನ್ನು ವ್ಯಾಕರಣದವರು ಆತ್ಮಾರ್ಥಕ ಎನ್ನುತ್ತಾರೆ. ಮಾಡಿದ ಕೆಲಸದ ಫಲ ಮಾಡಿದವನಿಗೇ ಸೇರುವಾಗ ಅದು ಬಂದು ಕೂರುತ್ತದೆ. ‘ಅಡುಗೆ ಮಾಡಿದ’ ಎಂದರೆ ಯಾರಿಗೋ. ‘ಅಡುಗೆ ಮಾಡಿಕೊಂಡ’ ಎಂದರೆ ಹೆಂಡತಿ ತವರಿಗೆ ಹೋಗಿದ್ದಾಳೆ. ‘ಬಾಗಿಲು ಹಾಕಿದ’ ಎಂದರೆ ಹೊರಗೆ ನಿಂತಿರಬಹುದು. ‘ಬಾಗಿಲು ಹಾಕಿಕೊಂಡ’ ಎಂದರೆ ಒಳಗಿದ್ದಾನೆ. ಬರೆಯುವುದಕ್ಕೂ ಬರೆದುಕೊಳ್ಳುವುದಕ್ಕೂ ಇರುವ ಅಂತರ ಅಷ್ಟೇ: ಒಂದು ಬಾಗಿಲಿನದು. ಇದು ನನಗೆ ಹೊಳೆಯಲು ಒಂದು ಪಿಯುಸಿ ಹಾಳಾಗಬೇಕಾಯಿತು.

1986ರಲ್ಲಿ ತಿಪಟೂರು ಸೀಮೆಯ ಹಳ್ಳಿಯೊಂದರಿಂದ ಕನ್ನಡ ಮಾಧ್ಯಮದ ಎಸ್ಸೆಸ್ಸೆಲ್ಸಿ ಮುಗಿಸಿ, ತುಮಕೂರಿನ ಒಂದು ಕಾಲೇಜಿನಲ್ಲಿ ಪಿಯುಸಿ ಸೈನ್ಸಿಗೆ ಸೇರಿದೆ. ಹತ್ತನೇ ಕ್ಲಾಸಿನಲ್ಲಿ ದ್ಯುತಿಸಂಶ್ಲೇಷಣೆಯನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲವನಾಗಿದ್ದೆ. ಇಲ್ಲಿ ಅದರ ಹೆಸರೇ ಬದಲಾಗಿತ್ತು. ‘ಫೋಟೋ’ ಎಂಬಷ್ಟು ಕೇಳಿಸಿತು, ಮಿಕ್ಕದ್ದು ಫ್ಯಾನಿನ ಗಾಳಿಯಲ್ಲಿ ಹಾರಿಹೋಯಿತು. ಎಲೆಗೂ ಫೋಟೋಕ್ಕೂ ಏನು ಸಂಬಂಧವೆಂದು ಯೋಚಿಸುತ್ತಿರುವಾಗ ಗಂಟೆ ಹೊಡೆಯಿತು. ಫಿಸಿಕ್ಸಿನವರು ಮೊಮೆಂಟ್ ಆಫ್ ಇನರ್ಷಿಯಾ ಎಂದರು. ನನ್ನ ನೋಟ್‌ಬುಕ್ಕಿನಲ್ಲಿ ಅದು ‘ಮೂಮೆಂಟ್ ಆಫ್ ಇನ್ ಏಷ್ಯಾ’ ಆಯಿತು. ಏಷ್ಯಾದಲ್ಲಿ ಏನೋ ಚಳವಳಿ ನಡೆದಿರಬೇಕು, ಹಿಸ್ಟರಿಯವರು ಹೇಳುವ ಬದಲು ಇವರೇಕೆ ಹೇಳುತ್ತಿದ್ದಾರೆ ಎಂದುಕೊಂಡೆ. ಇನರ್ಷಿಯಾ ಎಂದರೆ ನನಗೆ ಚೆನ್ನಾಗಿ ಗೊತ್ತಿದ್ದ ಜಡತ್ವವೇ ಎಂದು ತಿಳಿಯಲು ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆ ಗುಣ ನನ್ನಲ್ಲಿ ಪೂರ್ತಿ ಮೈಗೂಡಿತ್ತು.

ಆದರೆ ಬರೆಯುವುದನ್ನು ಮಾತ್ರ ಬಿಡಲಿಲ್ಲ. ಬಿಳಿ ಮೈಯ, ನೀಲಿ ಟೋಪಿಯ ರೆನಾಲ್ಡ್ಸ್ ಪೆನ್ನಿನಲ್ಲಿ ಬಾಯಿಂದ ಬಿದ್ದದ್ದನ್ನೆಲ್ಲ ಕನ್ನಡ ಅಕ್ಷರದಲ್ಲಿ ಹಿಡಿಯುತ್ತಿದ್ದೆ. ಇಂಗ್ಲಿಷಿನಲ್ಲಿ ಪಾಠ ಹೇಳುವವರು ನಿಮಿಷಕ್ಕೆ 120 ಪದದ ಆಸುಪಾಸಿನಲ್ಲಿ ಮಾತಾಡುತ್ತಾರೆ. ಕೈ ಎಷ್ಟು ಓಡಿದರೂ 25ರ ಹತ್ತಿರ ಉಸಿರು ಬಿಡುತ್ತದೆ. ನಾನು ಈ ಲೆಕ್ಕ ತಿಳಿಯದೆ ರೈಲಿನ ಹಿಂದೆ ಎತ್ತಿನ ಗಾಡಿ ಓಡಿಸಿದೆ. ಕೇಳಿಸಿದ್ದನ್ನು ಕೇಳಿಸಿದ ಹಾಗೇ ಬರೆಯಲು ಬರುವ ಲಿಪಿ ನಮ್ಮದು ಎಂದು ಹೆಮ್ಮೆಪಡುತ್ತೇವಲ್ಲ, ಆ ಹೆಮ್ಮೆಯೇ ನನಗೆ ಉರುಳಾಯಿತು. ಒಂದು ಪದವೂ ಅರ್ಥವಾಗದೆ ನಲವತ್ತು ಪುಟ ಬರೆಯಬಹುದು ಎಂದು ಆ ವರ್ಷ ಸಾಧಿಸಿ ತೋರಿಸಿದೆ. ನೋಟ್‌ಬುಕ್ಕು ತುಂಬಿತು, ಪರೀಕ್ಷೆಯ ಪೇಪರು ತುಂಬಲಿಲ್ಲ. ಎರಡು ವಿಷಯ ಹೋಯಿತು.

ಬೇಸಿಗೆ ರಜೆಯಲ್ಲಿ ಅಪ್ಪ ಬೈಯಲಿಲ್ಲ. ನನ್ನ ನೋಟ್‌ಬುಕ್ಕು ತರಿಸಿಕೊಂಡು, ಕನ್ನಡಕ ಏರಿಸಿ, ಎರಡು ಪುಟ ಓದಿದರು. ಅವರು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಬರವಣಿಗೆಯೇ ಅವರ ಹೊಟ್ಟೆಪಾಡು.

‘ಇಷ್ಟೆಲ್ಲಾ ಯಾಕೋ ಬರ್ದಿದೀಯ?’ ಎಂದರು.

‘ಅವರು ಹೇಳಿದ್ರಪ್ಪ.’

‘ಹೇಳಿದ್ದೆಲ್ಲಾ ಬರ್ಕೊಂಡ್ರೆ ಮಂಡಿ ನಡೆಯಲ್ಲ ಕಣೋ. ವ್ಯಾಪಾರದ ಹೊತ್ನಲ್ಲಿ ನೂರು ಜನ ನೂರು ರೇಟು ಕೂಗ್ತಾರೆ. ನಾನ್ ಬರ್ಕೊಳ್ಳೋದು ನಿಂತ ರೇಟು.’

ನಿಂತ ರೇಟು! ಪಾಠ ಕೇಳುವ ಬಗ್ಗೆ ಇದಕ್ಕಿಂತ ಮೇಲಾದ ಮಾತನ್ನು ನಾನು ಆಮೇಲೆ ಎಲ್ಲೂ ಕೇಳಲಿಲ್ಲ. ಅಪ್ಪನ ಪದ್ಧತಿಯನ್ನು ಆ ರಜೆಯಲ್ಲಿ ಮಂಡಿಗೇ ಹೋಗಿ ಕೂತು ನೋಡಿದೆ. ವ್ಯಾಪಾರದ ಹೊತ್ತಿನಲ್ಲಿ ಅವರ ಕೈಯಲ್ಲಿ ಇರುತ್ತಿದ್ದದ್ದು ಸಿಕ್ಕಿದ ಕಾಗದ: ಸಿಗರೇಟು ಪ್ಯಾಕಿನ ಒಳಮೈ, ಹಳೆಯ ಲಗ್ನಪತ್ರಿಕೆಯ ಬೆನ್ನು. ಅದರ ಮೇಲೆ ಪೆನ್ಸಿಲಿನಲ್ಲಿ ನಾಲ್ಕು ಗೀಟು. ಹೆಸರಿನ ಮೊದಲ ಅಕ್ಷರ, ಮೂಟೆ, ತೂಕ, ದರ. ಸಂತೆ ಕರಗಿ, ರೈತರು ಬಸ್ಸು ಹತ್ತಿ ಹೋದ ಮೇಲೆ, ರಾತ್ರಿಯ ಊಟಕ್ಕೆ ಮುಂಚೆ ಆ ಚೀಟಿಗಳನ್ನೆಲ್ಲ ಹರಡಿಕೊಂಡು ಕಿರ್ದಿಗೆ ಏರಿಸುತ್ತಿದ್ದರು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಒಂದೊಂದು ಚೀಟಿ ಏರಿಸುವಾಗಲೂ ಒಂದು ಗಳಿಗೆ ಕಣ್ಣು ಮುಚ್ಚಿ, ಆ ಮನುಷ್ಯ ಏನೆಂದ, ಯಾವ ಮೂಟೆಯಲ್ಲಿ ಕಾಯಿ ಹಸಿಯಿತ್ತು ಎಂದು ನೆನಪು ಮಾಡಿಕೊಂಡು, ಪಕ್ಕದಲ್ಲಿ ಒಂದು ಮಾತು ಸೇರಿಸುತ್ತಿದ್ದರು. ಹಸಿವಿನಿಂದ ನಾನು ಚಡಪಡಿಸಿದರೆ ಹೇಳುತ್ತಿದ್ದರು: ‘ಬೆಳಗ್ಗೆ ಬರ್ದಿದ್ದು ಅವಸರದ ಕೈ. ರಾತ್ರಿ ಒಳಗಾದ್ರೆ ನನಗೆ ಓದಕ್ಕೆ ಬರುತ್ತೆ. ಬೆಳಗಾಯ್ತು ಅಂದ್ರೆ ಅದು ಯಾರ್ದೋ ಕೈಬರಹ.’

ಇದನ್ನೇ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ 1885ರಲ್ಲಿ ಪುಸ್ತಕ ಮಾಡಿ ಹೇಳಿದ್ದ ಎಂದು ಎಷ್ಟೋ ವರ್ಷದ ಮೇಲೆ ಓದಿದೆ. ಆತ ಅರ್ಥವೇ ಇಲ್ಲದ ಉಚ್ಚಾರಗಳ ಪಟ್ಟಿ ಮಾಡಿಕೊಂಡು, ತಾನೇ ಉರು ಹೊಡೆದು, ತಾನೇ ಮರೆತು, ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯಿತು ಎಂದು ಅಳೆಯುತ್ತಿದ್ದ. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಜಾರಿಹೋಗುತ್ತಿತ್ತು. ಒಂದು ದಿನ ಕಳೆದರೆ ಉಳಿಯುತ್ತಿದ್ದದ್ದು ಮೂರನೆಯ ಒಂದರಷ್ಟು. ಆಮೇಲೆ ಮರೆವಿಗೂ ಸುಸ್ತಾಗುತ್ತದೆ. ತಿಂಗಳಾದರೂ ಐದನೆಯ ಒಂದರಷ್ಟು ಅಲ್ಲೇ ಕೂತಿರುತ್ತದೆ. ಅಂದರೆ ಕಳ್ಳ ಬರುವುದು ಮೊದಲ ರಾತ್ರಿಯೇ. ಅಪ್ಪ ಊಟಕ್ಕೆ ಮುಂಚೆ ಕಿರ್ದಿ ಮುಚ್ಚುತ್ತಿದ್ದದ್ದು ಅದಕ್ಕೇ. ಪಾಪ, ಎಬ್ಬಿಂಗ್‌ಹೌಸ್ ಕಲಿತದ್ದು ಅರ್ಥವಿಲ್ಲದ ಉಚ್ಚಾರಗಳನ್ನು. ನನ್ನ ಪಿಯುಸಿ ನೋಟ್ಸು ಸಿಕ್ಕಿದ್ದರೆ ಪಟ್ಟಿ ತಯಾರಿಸುವ ಕಷ್ಟ ಅವನಿಗೆ ತಪ್ಪುತ್ತಿತ್ತು.

ಅಪ್ಪನಿಗಿಂತ ಹಿಂದಿನ ತಲೆಮಾರುಗಳಲ್ಲಿ ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಮೆತ್ತಿ, ಕಪ್ಪಗೆ ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುವ ಪುಸ್ತಕ ಅದು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದ ಹಳೆಯ ದಾಖಲೆಗಳು ಅಂಥ ಕಡತಗಳಲ್ಲಿ ಉಳಿದು ಬಂದಿವೆ. ಈಗ ಆ ಮಾತಿಗೆ ಸರ್ಕಾರಿ ಫೈಲು ಎಂದರ್ಥ: ಒರೆಸುವ ಹಾಗಿಲ್ಲ, ಮಡಿಸುವ ಹಾಗಿಲ್ಲ, ಮೇಜಿನಿಂದ ಅಲುಗಾಡುವುದೂ ಇಲ್ಲ.

ಪೂರಕ ಪರೀಕ್ಷೆಯಲ್ಲಿ ಹೇಗೋ ದಡ ಸೇರಿ ಬಿ.ಎ.ಗೆ ಬಂದೆ. ಇಲ್ಲಿ ಪಾಠ ಕನ್ನಡದಲ್ಲಿ, ಆದರೆ ತೊಂದರೆ ಇನ್ನೊಂದು. ನಮ್ಮ ಹಿಸ್ಟರಿ ಮೇಷ್ಟ್ರು ಪಾಠ ಮಾಡುತ್ತಿರಲಿಲ್ಲ. ಹಳದಿ ಬಣ್ಣಕ್ಕೆ ತಿರುಗಿದ ಹಾಳೆಗಳ ಕಟ್ಟು ತಂದು, ಚಿಹ್ನೆಗಳ ಸಮೇತ ಡಿಕ್ಟೇಶನ್ ಕೊಡುತ್ತಿದ್ದರು. ‘ಅಶೋಕನು ಕಳಿಂಗ ಯುದ್ಧದ ನಂತರ, ಕಾಮಾ, ಪಶ್ಚಾತ್ತಾಪದಿಂದ ಬೆಂದು, ಕಾಮಾ, ಧರ್ಮವಿಜಯದ ಕಡೆಗೆ ತಿರುಗಿದನು, ಫುಲ್‌ಸ್ಟಾಪ್, ನೆಕ್ಸ್ಟ್ ಪ್ಯಾರಾ.’ ಕಿವಿಯಿಂದ ಕೈಗೆ ನೇರ ದಾರಿ. ನಡುವೆ ತಲೆಯ ಸ್ಟಾಪಿಲ್ಲ. ನನ್ನ ಆ ವರ್ಷದ ನೋಟ್‌ಬುಕ್ಕಿನಲ್ಲಿ ಮೌರ್ಯರ ಆಡಳಿತದ ನಟ್ಟನಡುವೆ ಒಂದು ವಾಕ್ಯವಿದೆ: ‘ಗ್ರಾಮದ ಮುಖ್ಯಸ್ಥನನ್ನು ಗ್ರಾಮಣಿ ಎನ್ನುತ್ತಿದ್ದರು ಕಿಟಕಿ ಹತ್ರ ಇರೋನು ಎದ್ದು ನಿಂತ್ಕೊ.’

ಅಶೋಕನೂ ಡಿಕ್ಟೇಶನ್ ಕೊಟ್ಟವನೇ. ಅವನ ಶಾಸನಗಳನ್ನು ನಮ್ಮ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳಿಗೆ ಬರೆದುಕೊಟ್ಟವನು ಚಪಡ ಎಂಬ ಲಿಪಿಕಾರ. ಪಾಠವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ಕೊನೆಯಲ್ಲಿ ಇದನ್ನು ಬರೆದವನು ಚಪಡ ಎಂದು ಹೇಳಿಕೊಂಡು, ‘ಲಿಪಿಕಾರ’ ಎಂಬ ಆ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಗಡಿಯ ಕಡೆಯ ಲಿಪಿ. ಮೊಳಕಾಲ್ಮೂರಿನ ಸುತ್ತ ಅದನ್ನು ಓದಬಲ್ಲವರು ಯಾರಿದ್ದರೋ! ಚಕ್ರವರ್ತಿ ಹೇಳಿದ್ದನ್ನೆಲ್ಲ ಬರೆದ. ಒಂದು ಪದ ತನಗಾಗಿ ಬರೆದುಕೊಂಡ. ಡಿಕ್ಟೇಶನ್ ಕ್ಲಾಸಿನಲ್ಲಿ ಕೂತ ಹುಡುಗರಿಗೆಲ್ಲ ಅವನು ಹಿರಿಯಣ್ಣ.

ನಾನೂ ಹಾಗೆ ಒಂದು ದಾರಿ ಮಾಡಿಕೊಂಡೆ. ನೋಟ್‌ಬುಕ್ಕಿನ ಬಲಪುಟ ಮೇಷ್ಟ್ರಿಗೆ, ಎಡಪುಟ ನನಗೆ. ಎಡಪುಟವನ್ನು ಖಾಲಿ ಬಿಟ್ಟು ಸಂಜೆ ಹಾಸ್ಟೆಲಿನಲ್ಲಿ ಕಿರ್ದಿ ಏರಿಸುತ್ತಿದ್ದೆ: ಅರ್ಥವಾದದ್ದು ಒಂದೆರಡು ಸಾಲು, ಆಗದ್ದಕ್ಕೆ ಒಂದು ಪ್ರಶ್ನೆ. ಒಂದು ಸಂಜೆ ಬರೆದುಕೊಂಡ ಪ್ರಶ್ನೆ: ‘ಅಶೋಕ ಪಶ್ಚಾತ್ತಾಪ ಪಟ್ಟದ್ದು ಕಳಿಂಗದವರಿಗೆ ಗೊತ್ತಾಯಿತೇ?’ ಮಾರನೆಯ ದಿನ ಡಿಕ್ಟೇಶನ್ ಶುರುವಾಗುವ ಮೊದಲು ಎದ್ದು ಕೇಳಿಯೇಬಿಟ್ಟೆ. ಮೇಷ್ಟ್ರು ಹಳದಿ ಕಟ್ಟನ್ನು ಮೇಜಿನ ಮೇಲಿಟ್ಟರು. ಪಶ್ಚಾತ್ತಾಪದ ಮಾತಿರುವುದು ಹದಿಮೂರನೆಯ ಬಂಡೆಗಲ್ಲು ಶಾಸನದಲ್ಲಿ ಎಂದರು. ಅದು ಬೇರೆಲ್ಲೋ ಇದೆ, ಕಳಿಂಗದ ಧೌಲಿಯಲ್ಲೂ ಜೌಗಡದಲ್ಲೂ ಅದನ್ನು ಕೆತ್ತಿಸಿಲ್ಲ, ಅಲ್ಲಿನವರಿಗೆ ಬೇರೆಯೇ ಎರಡು ಶಾಸನ ಹಾಕಿಸಿದ್ದಾನೆ, ಸೋತವರ ಊರಿನಲ್ಲಿ ಸತ್ತವರ ಲೆಕ್ಕ ಕೆತ್ತಿಸುವುದು ಯಾವ ರಾಜನಿಗೂ ಹಿತವಲ್ಲ ಎಂದರು. ಅವರ ಧ್ವನಿಯೇ ಬೇರೆಯಾಗಿತ್ತು. ಇಪ್ಪತ್ತು ನಿಮಿಷ ಮಾತಾಡಿದರು. ನಮ್ಮ ಕ್ಲಾಸಿನಲ್ಲಿ ಮೂರು ವರ್ಷದಲ್ಲಿ ನಡೆದ ಅತ್ಯುತ್ತಮ ಪಾಠ ಅದು. ಯಾರೂ ಪೆನ್ನು ಎತ್ತಲಿಲ್ಲ. ಪಕ್ಕದವನನ್ನು ಕೇಳಿದರೆ ‘ಸಾರ್ ನೋಟ್ಸ್ ಹೇಳ್ತಿಲ್ವಲ್ಲ’ ಎಂದ.

ಎಂ.ಎ.ಗೆ ಮಾನಸಗಂಗೋತ್ರಿಗೆ ಹೋದಾಗ ಎಡಪುಟ ಬಲಪುಟವನ್ನು ನುಂಗಿತು. ಅಲ್ಲಿ ಬರೆಸುವವರು ಕಡಿಮೆ, ಮಾತಾಡುವವರು ಹೆಚ್ಚು. ಕೈ ಸೋಲಬಾರದೆಂದು ಸಂಕ್ಷೇಪಗಳ ಒಂದು ಸಂಸಾರವನ್ನೇ ಕಟ್ಟಿಕೊಂಡೆ. ಕನ್ನಡಕ್ಕೆ ಇದು ಹೊಸದಲ್ಲ. ಪ್ರೈಮರಿಯಲ್ಲಿ ಲಸಾಅ, ಮಸಾಅ ಕಲಿತವರು ನಾವು. ತೀನಂಶ್ರೀ, ಬಿಎಂಶ್ರೀ, ಡಿವಿಜಿ ಎಂದು ಹಿರಿಯರನ್ನೇ ಮೊಟಕು ಮಾಡಿ ಕರೆಯುವವರು. ನನ್ನ ಪುಸ್ತಕದಲ್ಲಿ ಕವಿರಾಜಮಾರ್ಗ ‘ಕರಾಮಾ’ ಆಯಿತು, ‘ಆದ್ದರಿಂದ’ ಗಣಿತದ ಮೂರು ಚುಕ್ಕಿಯಾಯಿತು, ನನಗೆ ಒಪ್ಪಿಗೆಯಾಗದ ಮಾತಿನ ಪಕ್ಕ ಒಂದು ಸೊಟ್ಟ ಬಾಲ ಬಂತು. ತೀನಂಶ್ರೀಯವರ ‘ಭಾರತೀಯ ಕಾವ್ಯಮೀಮಾಂಸೆ’ ಇಟ್ಟುಕೊಂಡು ರಸದ ಪಾಠ ನಡೆಯುತ್ತಿದ್ದ ದಿನಗಳಲ್ಲಿ ದಸರೆಗೆ ಊರಿಗೆ ಬಂದಿದ್ದೆ. ಅಪ್ಪ ಅಭ್ಯಾಸದಂತೆ ನೋಟ್‌ಬುಕ್ಕು ತೆರೆದರು. ಮುಖ ಗಂಭೀರವಾಯಿತು.

‘ಏನೋ ಇದು? ವ್ಯಭಿಚಾರಿ, ಮೂವತ್ಮೂರು ಅಂತ ಬರ್ದಿದೀಯ?’

‘ಅದು ಭಾವ ಅಪ್ಪ. ವ್ಯಭಿಚಾರಿ ಭಾವ. ಬಂದು ಹೋಗೋ ಭಾವಗಳು. ಮೂವತ್ಮೂರಿವೆ.’

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪೂರ್ತಿ ಬರ್ಕೊ. ಯಾರಾದ್ರೂ ನೋಡಿದ್ರೆ ಏನಂದ್ಕೊಂಡಾರು’ ಎಂದರು. ಸಂಕ್ಷೇಪದ ವಿರುದ್ಧ ಅವರು ಆಡಿದ್ದು ಆ ಒಂದೇ ಮಾತು.

ಸಂಕ್ಷೇಪದ ನಿಜವಾದ ಅಪಾಯ ತಿಳಿದದ್ದು ಪರೀಕ್ಷೆಯ ಮುಂಚೆ. ವಿಕ್ರಮಾರ್ಜುನ ವಿಜಯಕ್ಕೆ ನಾನು ‘ವಿವಿ’ ಎಂದು ಬರೆದುಕೊಂಡಿದ್ದೆ. ಹಾಸ್ಟೆಲಿನ ಮಿತ್ರನೊಬ್ಬ ನನ್ನ ಪುಸ್ತಕ ಒಯ್ದು ಅಂದವಾಗಿ ನಕಲು ಮಾಡಿಕೊಂಡ. ಅವನ ಪ್ರತಿ ಜೆರಾಕ್ಸ್ ಅಂಗಡಿಗೆ ಹೋಯಿತು. ಆ ಪ್ರತಿಯಲ್ಲಿ ಹೀಗಿತ್ತು: ‘ಪಂಪನು ತನ್ನ ವಿಶ್ವವಿದ್ಯಾಲಯದಲ್ಲಿ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿದ್ದಾನೆ.’ ಎಷ್ಟು ಜನ ಅದನ್ನು ಉತ್ತರಪತ್ರಿಕೆಯಲ್ಲೂ ಬರೆದರೋ, ಮೌಲ್ಯಮಾಪಕರಿಗೇ ಗೊತ್ತು.

ಇದೇ ಹೊತ್ತಿನಲ್ಲಿ ನಾವು ಗ್ರಂಥಸಂಪಾದನೆಯ ಪತ್ರಿಕೆ ಓದುತ್ತಿದ್ದೆವು. ಓಲೆಗರಿಯ ಪ್ರತಿಗಳಲ್ಲಿ ಲಿಪಿಕಾರರ ತಪ್ಪು ಹೇಗೆ ಪ್ರತಿಯಿಂದ ಪ್ರತಿಗೆ ಇಳಿದು ಬರುತ್ತದೆ, ಒಂದೇ ತಪ್ಪು ಇರುವ ಪ್ರತಿಗಳೆಲ್ಲ ಹೇಗೆ ಒಂದೇ ತಾಯಿಯ ಮಕ್ಕಳು ಎಂದೆಲ್ಲ. ಉದಾಹರಣೆ ಹಾಸ್ಟೆಲಿನಲ್ಲೇ ಸಿದ್ಧವಾಗಿತ್ತು. ಈಗ ನಾನೇ ಮೌಲ್ಯಮಾಪನಕ್ಕೆ ಕೂತಾಗ ಈ ವಿದ್ಯೆ ಬಹಳ ಉಪಯೋಗಕ್ಕೆ ಬರುತ್ತದೆ. ಇಪ್ಪತ್ತು ಉತ್ತರಪತ್ರಿಕೆ ತಿರುವಿದರೆ ಸಾಕು, ಆ ಕಾಲೇಜಿನಲ್ಲಿ ಒಂದೇ ಮೂಲಪ್ರತಿ ಇದೆ, ಅದನ್ನು ಬರೆದವರು ‘ಧ್ವನಿ’ಯನ್ನು ‘ದನಿ’ ಎಂದು ಕೇಳಿಸಿಕೊಂಡಿದ್ದಾರೆ, ಅವರು ಮಧ್ಯದಲ್ಲೊಂದು ದಿನ ರಜೆ ಹಾಕಿದ್ದಾರೆ, ಎಲ್ಲ ಹೇಳಿಬಿಡಬಹುದು. ಸಾಮಾನ್ಯವಾಗಿ ಮೊದಲ ಬೆಂಚಿನ ಯಾರೋ ಒಬ್ಬಳು, ಕೆಂಪು ಹಸಿರು ಶಾಯಿಯಲ್ಲಿ ಗೆರೆ ಎಳೆದು ಅಚ್ಚುಕಟ್ಟಾಗಿ ಬರೆಯುವವಳು, ಇಡೀ ಕ್ಲಾಸನ್ನು ಪಾಸು ಮಾಡಿಸುತ್ತಿರುತ್ತಾಳೆ. ಅವಳಿಗೆ ಫಸ್ಟ್ ಕ್ಲಾಸ್ ಬರುತ್ತದೆ, ಮಿಕ್ಕವರಿಗೆ ಅವಳ ತಪ್ಪುಗಳು ಬರುತ್ತವೆ.

ವಿದ್ಯಾರ್ಥಿಗಳ ನೋಟ್ಸಿನಿಂದಲೇ ಹುಟ್ಟಿದ ಒಂದು ದೊಡ್ಡ ಪುಸ್ತಕವೂ ಉಂಟು. ಭಾಷಾವಿಜ್ಞಾನದ ಪತ್ರಿಕೆಯಲ್ಲಿ ಸಸ್ಯೂರ್ ಎಂಬ ಹೆಸರು ಕೇಳದೆ ಕನ್ನಡ ಎಂ.ಎ. ಮುಗಿಯುವುದಿಲ್ಲ. ಆತ ಜಿನೀವಾದಲ್ಲಿ 1907ರಿಂದ 1911ರ ನಡುವೆ ಮೂರು ಸಲ ಸಾಮಾನ್ಯ ಭಾಷಾವಿಜ್ಞಾನದ ಪಾಠ ಮಾಡಿದ. ಅದನ್ನು ಪುಸ್ತಕ ಮಾಡಲಿಲ್ಲ. 1913ರಲ್ಲಿ ತೀರಿಕೊಂಡ. ಬ್ಯಾಲಿ ಮತ್ತು ಸೆಶಹೆ ಎಂಬ ಇಬ್ಬರು, ತಾವೇ ಆ ಪಾಠಗಳಿಗೆ ಕೂತವರಲ್ಲ, ಕೂತ ವಿದ್ಯಾರ್ಥಿಗಳ ನೋಟ್‌ಬುಕ್ಕುಗಳನ್ನು ಕಲೆಹಾಕಿ 1916ರಲ್ಲಿ ಪುಸ್ತಕ ಹೊರತಂದರು. ಇಪ್ಪತ್ತನೆಯ ಶತಮಾನದಲ್ಲಿ ಭಾಷೆಯ ಬಗ್ಗೆ ಯೋಚಿಸುವ ರೀತಿಯನ್ನೇ ಅದು ಬದಲಾಯಿಸಿತು. ಸ್ವಾರಸ್ಯ ಆಮೇಲೆ. ಎಮಿಲ್ ಕಾನ್‌ಸ್ಟಾಂಟಿನ್ ಎಂಬ ಇನ್ನೊಬ್ಬ ವಿದ್ಯಾರ್ಥಿಯ ನೋಟ್‌ಬುಕ್ಕುಗಳು ದಶಕಗಳ ನಂತರ ಸಿಕ್ಕವು. ಸಂಪಾದಕರು ಅವನ್ನು ನೋಡಿಯೇ ಇರಲಿಲ್ಲ. ಮೇಷ್ಟ್ರು ಹೇಳಿದ ಕ್ರಮಕ್ಕೂ ಅಚ್ಚಾದ ಪುಸ್ತಕದ ಕ್ರಮಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬ ಚರ್ಚೆ ಅವುಗಳಿಂದ ಇನ್ನೂ ಬೆಳೆಯಿತು. ನಮ್ಮ ಹಾಸ್ಟೆಲಿನ ಪಾಠಾಂತರಕ್ಕೆ ಜಿನೀವಾದ ನಂಟು ಸಿಕ್ಕಿ ನನಗೆ ಬಹಳ ಸಮಾಧಾನವಾಯಿತು. ಒಂದೇ ಕೋಣೆ, ಒಂದೇ ಮಾತು; ಇಬ್ಬರು ಬರೆದುಕೊಂಡರೆ ಎರಡು ಪಾಠ. ಆ ಕೋಣೆಯಲ್ಲಿ ಎಲ್ಲರೂ ಒಬ್ಬನ ನೋಟ್ಸಿಗೆ ಕಾಯುತ್ತ ಕೂತಿದ್ದರೆ ಹೋಲಿಸಿ ನೋಡಲು ಏನೂ ಇರುತ್ತಿರಲಿಲ್ಲ.

ಮೇಜಿನ ಈಚೆಗೆ ಬಂದ ಮೇಲೆ ನನಗೆ ಗೊತ್ತಾದ ಒಂದು ಗುಟ್ಟನ್ನು ವಿದ್ಯಾರ್ಥಿಗಳಿಗೆ ಹೇಳಿಬಿಡುತ್ತೇನೆ. ಯಾವ ಮೇಷ್ಟ್ರೂ ಐವತ್ತೈದು ನಿಮಿಷ ಪಾಠ ಮಾಡುವುದಿಲ್ಲ. ಹಾಜರಿ, ಬೈಗುಳ, ಹಿಂದಿನ ಪಾಠದ ನೆನಪು, ತಮ್ಮ ಕಾಲದ ಕಥೆ ಎಲ್ಲ ಕಳೆದರೆ ನಿಂತ ರೇಟು ಸಿಗುವುದು ಹತ್ತೋ ಹದಿನೈದೋ ನಿಮಿಷದಲ್ಲಿ. ಆ ನಿಮಿಷಗಳು ಬಂದಾಗ ಮೇಷ್ಟ್ರ ಮೈಯಲ್ಲಿ ಏನಾದರೂ ಒಂದು ಬದಲಾಗುತ್ತದೆ. ಕೆಲವರು ಹೇಳಿದ್ದನ್ನೇ ಬೇರೆ ಮಾತಿನಲ್ಲಿ ಎರಡನೆಯ ಸಲ ಹೇಳುತ್ತಾರೆ. ಕೆಲವರು ಧ್ವನಿ ತಗ್ಗಿಸುತ್ತಾರೆ. ‘ಇದು ಇಂಪಾರ್ಟೆಂಟು’ ಎಂದು ಕೂಗುವವರನ್ನು ಮಾತ್ರ ಅಷ್ಟಾಗಿ ನಂಬಬೇಡಿ. ಅದು ನಿದ್ದೆ ಎಬ್ಬಿಸಲಿಕ್ಕೆ. ನನ್ನ ಗುರುತು ಏನೆಂದು ನನಗೇ ಗೊತ್ತಿರಲಿಲ್ಲ. ಹತ್ತು ವರ್ಷದ ಹಿಂದೆ ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿ, ಟೀ ಕೊಡಿಸಿ, ಹೇಳಿದ: ‘ನೀವು ಕನ್ನಡಕ ತೆಗೆದ್ರೆ ನಾವು ಪೆನ್ನು ತೆಗೀತಿದ್ವಿ ಸಾರ್.’ ಅಂದಿನಿಂದ ಕ್ಲಾಸಿನಲ್ಲಿ ಕನ್ನಡಕಕ್ಕೆ ಕೈ ಹೋದಾಗಲೆಲ್ಲ, ಈಗ ಹೇಳಲಿರುವುದು ಅಷ್ಟು ಬೆಲೆ ಬಾಳುತ್ತದೆಯೇ ಎಂದು ಹೆದರಿಕೆಯಾಗುತ್ತದೆ.

ಈಗಂತೂ ಪೆನ್ನು ತೆಗೆಯುವವರೇ ಕಡಿಮೆ. ಬೋರ್ಡಿನ ತುಂಬ ಬರೆದು ತಿರುಗಿದರೆ ಹಿಂದಿನ ಬೆಂಚಿನಿಂದ ‘ಸಾರ್, ಒಂದ್ನಿಮಿಷ ಪಕ್ಕಕ್ಕೆ ಬನ್ನಿ’ ಎನ್ನುತ್ತಾರೆ. ಪಕ್ಕಕ್ಕೆ ಹೋಗುತ್ತೇನೆ. ಮದುವೆ ಮನೆಯಲ್ಲಿ ಫೋಟೋದವರು ಪುರೋಹಿತರನ್ನು ಸರಿಸುವ ಹಾಗೆ. ಫೋಟೋ ವಾಟ್ಸಾಪ್ ಗ್ರೂಪಿಗೆ ಹೋಗುತ್ತದೆ, ಬಂದವರಿಗೂ ಬಾರದವರಿಗೂ ಸಮನಾಗಿ ಸಿಗುತ್ತದೆ, ಸಮನಾಗಿ ಯಾರೂ ನೋಡುವುದಿಲ್ಲ.

ನನ್ನ ಕೊನೆಯ ತಂಗಿಯ ಮಗಳು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾಳೆ. ಕ್ಲಾಸಿನಲ್ಲಿ ಲ್ಯಾಪ್‌ಟಾಪಿನಲ್ಲೇ ಟೈಪು ಮಾಡಿಕೊಳ್ಳುತ್ತಾಳೆ. ಮೇಷ್ಟ್ರ ಬಾಯಿ ಮುಚ್ಚುವಷ್ಟರಲ್ಲಿ ಅವಳ ವಾಕ್ಯ ಮುಗಿದಿರುತ್ತದಂತೆ. ನಾನು ಸುಮ್ಮನಿರಲಾರದೆ, ಅಮೆರಿಕದ ಮುಲ್ಲರ್ ಮತ್ತು ಒಪೆನ್‌ಹೈಮರ್ ಎಂಬಿಬ್ಬರು 2014ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಹೇಳಿದೆ. ಲ್ಯಾಪ್‌ಟಾಪಿನವರು ಹೆಚ್ಚು ಪದ ಬರೆದಿದ್ದರು, ಅದೂ ಕೇಳಿದ್ದನ್ನು ಕೇಳಿದಂತೆ. ವಿಷಯದ ತಿರುಳು ಕೇಳುವ ಪ್ರಶ್ನೆ ಬಂದಾಗ ಕೈಯಲ್ಲಿ ಬರೆದವರು ಮುಂದಿದ್ದರು. ಅವಳು ಫೋನಿನಲ್ಲಿ ಎರಡು ನಿಮಿಷ ಹುಡುಕಿ, ‘ಮಾಮ, ಆಮೇಲೆ ಬೇರೆಯವರು ಮಾಡಿ ನೋಡಿದಾಗ ಅಷ್ಟು ಸ್ಪಷ್ಟವಾಗಿ ಬಂದಿಲ್ವಂತೆ’ ಎಂದಳು. ಹೌದು, ಅದೂ ನಿಜವೇ. ಪೆನ್ನಿಗೆ ಮಂತ್ರಶಕ್ತಿ ಇಲ್ಲ. ಇದ್ದಿದ್ದರೆ ನನ್ನ ಪಿಯುಸಿ ಹೋಗುತ್ತಿರಲಿಲ್ಲ. ಆದರೆ ನಿಧಾನವಾದ ಕೈಗೆ ಆರಿಸಿಕೊಳ್ಳದೆ ಗತಿಯಿಲ್ಲ. ವೇಗದ ಬೆರಳಿಗೆ ಆ ಬಡತನವಿಲ್ಲ, ಅದಕ್ಕೇ ಅದು ಆರಿಸುವುದಿಲ್ಲ.

ಅವಳ ಬ್ಯಾಗಿನಲ್ಲಿ ಒಂದು ಚೆಂದದ ನೋಟ್‌ಬುಕ್ಕೂ ಇತ್ತು. ‘ಇದು ಕಾರ್ನೆಲ್ ನೋಟ್ಸ್ ಮಾಮ’ ಎಂದು ತೋರಿಸಿದಳು. ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಎಂಬವರು 1950ರ ದಶಕದಲ್ಲಿ ರೂಪಿಸಿದ ಪದ್ಧತಿ ಅದು. ಬಲಕ್ಕೆ ಅಗಲವಾದ ಜಾಗ ಕ್ಲಾಸಿಗೆ. ಎಡಕ್ಕೆ ಕಿರಿದಾದ ಪಟ್ಟಿ, ಪಾಠ ಮುಗಿದ ಮೇಲೆ ಪ್ರಶ್ನೆ ಹಾಕಿಕೊಳ್ಳಲು. ಕೆಳಗೆ ಸಾರಾಂಶಕ್ಕೆ ನಾಲ್ಕು ಬೆರಳು ಜಾಗ. ತಿರುವಿ ನೋಡಿದೆ. ಬಲಗಡೆ ತುಂಬಿತ್ತು. ಎಡಗಡೆಯ ಪಟ್ಟಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆಳ್ಳಗಿತ್ತು.

‘ಇದನ್ನ ಯಾವಾಗ ತುಂಬ್ತೀಯಮ್ಮ?’

‘ಎಕ್ಸಾಂ ಟೈಮಲ್ಲಿ.’

ಕಿರ್ದಿಯನ್ನು ವರ್ಷದ ಕೊನೆಯಲ್ಲಿ ಬರೆಯುತ್ತೇನೆಂದರೆ ಅಪ್ಪ ಏನೆನ್ನುತ್ತಿದ್ದರೋ. ಅವಳು ನನ್ನ ಮುಖ ನೋಡಿ, ‘ಈಗ ಅದೂ ಬೇಡ ಮಾಮ, ರೆಕಾರ್ಡ್ ಮಾಡಿದ್ರೆ ಫೋನೇ ನೋಟ್ಸ್ ಮಾಡಿ ಕೊಡುತ್ತೆ’ ಎಂದಳು. ಮಾಡಿ ಕೊಡುತ್ತೆ! ಮತ್ತೆ ಅದೇ ಕ್ರಿಯಾಪದ. ಹಳದಿ ಕಟ್ಟಿನ ಮೇಷ್ಟ್ರು ಹೋದರು, ಜೆರಾಕ್ಸ್ ಅಂಗಡಿಯವನು ಹೋದ, ಕೊಡುವ ಕೈ ಬದಲಾಯಿತು. ಹಿಡಿಯುವ ಚೀಲ ಅದೇ.

ಇಷ್ಟೆಲ್ಲ ಹೇಳಿದ ನನ್ನ ಹತ್ತಿರ, ನಾನು ಜೀವಮಾನದಲ್ಲಿ ಬರೆದುಕೊಂಡ ಅತ್ಯುತ್ತಮ ನೋಟ್‌ಬುಕ್ಕು ಇಲ್ಲ. ಅದು ಎಂ.ಎ. ಕೊನೆಯ ವರ್ಷದ ಕಾವ್ಯಮೀಮಾಂಸೆಯದು. 1993ರಲ್ಲಿ, ಪರೀಕ್ಷೆಗೆ ಇನ್ನು ಹತ್ತು ದಿನ ಇರುವಾಗ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಬ್ಬ ಮಿತ್ರ ಇಸ್ಕೊಂಡ. ‘ನಾಳೆ ಬೆಳಗ್ಗೆ ಕೊಡ್ತೀನಿ’ ಎಂದ. ಹಳೆಯ ಲಿಪಿಕಾರರು ಪ್ರತಿಯ ಕೊನೆಯಲ್ಲಿ ಪುಸ್ತಕವನ್ನು ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ಕಾಪಾಡಿ, ಮೂರ್ಖರ ಕೈಗೆ ಮಾತ್ರ ಕೊಡಬೇಡಿ ಎಂದು ಬೇಡಿಕೊಳ್ಳುತ್ತಿದ್ದದ್ದನ್ನು ಅದೇ ವಾರ ಓದಿದ್ದೆ. ಆದರೂ ಕೊಟ್ಟೆ. ನೆನಪಿನಿಂದಲೇ ಪರೀಕ್ಷೆ ಬರೆದೆ, ಆ ಪತ್ರಿಕೆಯಲ್ಲೇ ನನಗೆ ಎಲ್ಲಕ್ಕಿಂತ ಹೆಚ್ಚು ಅಂಕ ಬಂತು. ಸಂಜೆ ಸಂಜೆ ಕಿರ್ದಿ ಏರಿಸಿದ್ದರ ಪುಣ್ಯ.

ಆ ಮಿತ್ರ ಈಗ ಎಲ್ಲೋ ದೊಡ್ಡ ಹುದ್ದೆಯಲ್ಲಿದ್ದಾನೆ ಎಂದು ಕೇಳಿದ್ದೇನೆ. ಪತ್ರಿಕೆ ಓದುವ ಅಭ್ಯಾಸ ಉಳಿದಿದ್ದರೆ ಇದನ್ನೂ ಓದುತ್ತಾನೆ. ನೀಲಿ ರಟ್ಟು, 200 ಪುಟ, ಮೇಲಿನ ಮೂಲೆಯಲ್ಲಿ ಬ್ರಿಲ್ ಶಾಯಿಯ ಕಲೆ, ಒಳಪುಟದಲ್ಲಿ ದೊಡ್ಡದಾಗಿ ‘ವ್ಯ 33’ ಎಂದು ಬರೆದು ಸುತ್ತ ಗೆರೆ ಎಳೆದಿದೆ. ದಯವಿಟ್ಟು ಕಳಿಸಿಕೊಡಪ್ಪ, ಅಂಚೆ ಖರ್ಚು ನನ್ನದು. ನಿನಗಂತೂ ಅದು ಓದಲು ಬರುವುದಿಲ್ಲ.